ಮೇಷ್ಟ್ರು ಮಾತ್ರ ಉಳಿಯಲಿ ಎಂದವರಿಗೆ

2015ರ ಜನವರಿ 12ರಂದು ನಾಮಕ್ಕಲ್ ಜಿಲ್ಲಾಡಳಿತ ಒಂದು ‘ಶಾಂತಿ ಸಭೆ’ ಕರೆಯಿತು. ಸರ್ಕಾರಿ ಕಲಾ ಕಾಲೇಜಿನ ತಮಿಳು ಅಧ್ಯಾಪಕರೊಬ್ಬರು ಅಲ್ಲಿ ಬೇಷರತ್ ಕ್ಷಮೆಯ ಕಾಗದಕ್ಕೆ ಸಹಿ ಹಾಕಿದರು. ಆಮೇಲೆ ಫೇಸ್‌ಬುಕ್ಕಿನಲ್ಲಿ ಅವರು ಬರೆದದ್ದರ ಸಾರಾಂಶ ಇಷ್ಟು: ಪೆರುಮಾಳ್ ಮುರುಗನ್ ಎಂಬ ಲೇಖಕ ಸತ್ತ, ಇನ್ನು ಮೇಲೆ ಬದುಕಿರುವವನು ಪಿ. ಮುರುಗನ್ ಎಂಬ ಸಾಮಾನ್ಯ ಮೇಷ್ಟ್ರು ಮಾತ್ರ. ತನ್ನ ಪುಸ್ತಕಗಳನ್ನು ಯಾರೂ ಮಾರಬಾರದು, ಪ್ರಕಾಶಕರಿಗೆ ಆಗುವ ನಷ್ಟವನ್ನು ತಾನೇ ತುಂಬಿಕೊಡುತ್ತೇನೆ.

ಲೇಖಕನ ಸಾವಿನ ಬಗ್ಗೆ ದೇಶವೆಲ್ಲ ಮಾತಾಡಿತು. ಸತ್ತವನ ಜೊತೆ ಉಳಿದುಕೊಂಡ ಆ ಮೇಷ್ಟ್ರ ಬಗ್ಗೆ ಮಾತಾಡಿದವರು ಕಡಿಮೆ. ಅವರ ಕಾದಂಬರಿಯೊಂದರ ಮೇಲೆ ಎದ್ದ ಊರಿನ ಸಿಟ್ಟು, ಅದನ್ನು ತಣಿಸಲು ಅಧಿಕಾರಿಗಳು ಮಾಡಿದ ರಾಜಿ ಎರಡೂ ಒಂದು ನಂಬಿಕೆಯ ಮೇಲೆ ನಿಂತಿದ್ದವು. ಬರೆಯುವುದನ್ನು ಬಿಟ್ಟರೆ ಈ ಮನುಷ್ಯನ ಮೇಲೆ ನಮಗೇನೂ ತಕರಾರಿಲ್ಲ, ಬೆಳಿಗ್ಗೆ ಕಾಲೇಜಿಗೆ ಹೋಗಲಿ, ಪಾಠ ಮಾಡಲಿ, ಸಂಬಳ ತಗೊಳ್ಳಲಿ ಎಂಬ ನಂಬಿಕೆ. ಲೇಖಕನನ್ನೂ ಮೇಷ್ಟ್ರನ್ನೂ ಹೀಗೆ ಬೇರೆ ಮಾಡಲು ಬರುತ್ತದೆ ಎಂದು ಅವರು ತಿಳಿದಿದ್ದರು. ಬರುವುದಿಲ್ಲ ಎಂಬುದು ನನ್ನ ವಾದ. ಪೆರುಮಾಳ್ ಮುರುಗನ್ ಅವರ ಕಾದಂಬರಿ ಹುಟ್ಟಿದ್ದರಲ್ಲಿ ಅವರ ಪಾಠದ ಕೋಣೆಗೆ ದೊಡ್ಡ ಪಾಲಿದೆ. ಅಲ್ಲಿ ಲೇಖಕನನ್ನು ಸಾಯಿಸಿದರೆ ಉಳಿಯುವವನು ಮೇಷ್ಟ್ರಲ್ಲ, ಹಾಜರಿ ಕೂಗುವ ನೌಕರ.

ಈ ಮಾತು ಅರ್ಥವಾಗಬೇಕಾದರೆ ಕೊಂಗು ಸೀಮೆಯನ್ನು ಸ್ವಲ್ಪ ನೋಡಬೇಕು. ಕೊಯಮತ್ತೂರು, ತಿರುಪ್ಪೂರು, ಈರೋಡು, ನಾಮಕ್ಕಲ್, ಕರೂರು ಕಡೆಯ ಈ ಒಣ ನಾಡು ನಮಗೆ ದೂರದ್ದಲ್ಲ. ನಮ್ಮ ಕೊಳ್ಳೇಗಾಲ 1956ರವರೆಗೆ ಕೊಯಮತ್ತೂರು ಜಿಲ್ಲೆಯ ತಾಲ್ಲೂಕಾಗಿತ್ತು. ಕೊಯಮತ್ತೂರಿನಿಂದ ತಿರುಪ್ಪೂರಿನ ದಿಕ್ಕಿಗೆ ಹೊರಟರೆ ಸಿಗುವ ಸೋಮನೂರು ವಿದ್ಯುತ್ ಮಗ್ಗಗಳ ಊರು. ಅಲ್ಲಿಂದ ಪಲ್ಲಡಂ, ಅವಿನಾಶಿಯವರೆಗೆ ಮಗ್ಗದ ಸದ್ದು. ವ್ಯಾಪಾರಿ ನೂಲು ಕೊಡುತ್ತಾನೆ, ಮಗ್ಗದವನು ನೇಯ್ದು ಮೀಟರಿಗೆ ಇಷ್ಟು ಎಂದು ಕೂಲಿ ಪಡೆಯುತ್ತಾನೆ. ಕೂಲಿ ದರದ ಜಗಳ ಬಂದಾಗಲೆಲ್ಲ ಮಗ್ಗಗಳು ನಿಲ್ಲುತ್ತವೆ. ಈ ಸೀಮೆಯ ದೇವಾಂಗ ನೇಕಾರರ ಮನೆಗಳಲ್ಲಿ ಇವತ್ತಿಗೂ ಕನ್ನಡ ಇದೆ. ಮನೆದೇವತೆ ಚೌಡೇಶ್ವರಿ, ಅಡುಗೆಮನೆಯ ಮಾತು ಕನ್ನಡ, ಶಾಲೆಯ ಮಾತು ತಮಿಳು. ಅವರ ಆಡುಮಾತು ಶಾಲೆಯ ಪುಸ್ತಕದಲ್ಲಿ ಎಂದೂ ಅಚ್ಚಾಗಿಲ್ಲ. ಒಕ್ಕಲು ಜಾತಿಯಾದ ಗೌಂಡರ್ ಮನೆಯ ಹುಡುಗನಿಗೂ ದಲಿತರಾದ ಅರುಂಧತಿಯರ್ ಕೇರಿಯ ಹುಡುಗಿಗೂ ಇದೇ ಪಾಡು, ಬೇರೆ ಬಗೆಯಲ್ಲಿ. ಅವರು ಆಡುವುದು ತಮಿಳೇ ಆದರೂ ಪಠ್ಯಪುಸ್ತಕದ ತಮಿಳು ಅದಲ್ಲ. ಹೊಲದ ಮಾತು, ಆಡು ಕಾಯುವ ಮಾತು, ತಾಳೆಮರ ಹತ್ತುವವರ ಮಾತು ಕಾಲೇಜಿನ ಬಾಗಿಲಲ್ಲೇ ನಿಂತುಬಿಡುತ್ತವೆ.

ಆ ಬಾಗಿಲಲ್ಲಿ ನಿಂತಿರುವವನು ಭಾಷಾ ಅಧ್ಯಾಪಕ. ಅವನು ಮನಸ್ಸು ಮಾಡಿದರೆ ಮಕ್ಕಳ ಮನೆಮಾತನ್ನು ತಿದ್ದಿ ಹೊರಗೆ ಕಳಿಸಬಹುದು, ಇಲ್ಲವೇ ಒಳಗೆ ಕರೆದು ಕೂರಿಸಬಹುದು. ಮುರುಗನ್ ಒಳಗೆ ಕರೆದರು.

ಅವರು ಹುಟ್ಟಿದ್ದು 1966ರಲ್ಲಿ, ತಿರುಚೆಂಗೋಡಿನ ಬಳಿಯ ಒಕ್ಕಲು ಕುಟುಂಬದಲ್ಲಿ. ತಂದೆ ಬೇಸಾಯದ ಜೊತೆಗೆ ಸಿನಿಮಾ ಟಾಕೀಸಿನಲ್ಲಿ ಸೋಡಾ ಅಂಗಡಿ ನಡೆಸುತ್ತಿದ್ದರು. ಕಾಲೋನಿ ಕಟ್ಟಲು ಜಮೀನು ಹೋದ ಒಕ್ಕಲು ಮನೆಯ ಕಥೆ ಮೊದಲ ಕಾದಂಬರಿ ‘ಏರುವೆಯಿಲ್’ (1991) ಆಯಿತು. ಟಾಕೀಸಿನ ಸೋಡಾ ಮಾರುವ ಹುಡುಗರು ‘ನಿಳಲ್ ಮುಟ್ರಂ’ (1993) ಆದರು. ಇಷ್ಟರವರೆಗೆ ಇದು ಅನುಭವವನ್ನು ನೆಚ್ಚಿಕೊಂಡು ಬರೆಯುವ ಯಾವ ಪ್ರತಿಭಾವಂತ ತರುಣನ ಕಥೆಯಾದರೂ ಆಗಬಹುದಿತ್ತು. ಅವರನ್ನು ಬೇರೆಯಾಗಿಸಿದ್ದು ಅವರು ಆರಿಸಿಕೊಂಡ ಓದು.

ಮದ್ರಾಸ್ ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ.ಗೆ ಅವರು ಹಿಡಿದದ್ದು ಆರ್. ಷಣ್ಮುಗಸುಂದರಂ ಅವರ ಕೃತಿಗಳನ್ನು. ಈಗಿನ ತಿರುಪ್ಪೂರು ಜಿಲ್ಲೆಯ ಕೀರನೂರಿನ ಈ ಲೇಖಕ 1942ರಲ್ಲಿ ‘ನಾಗಮ್ಮಾಳ್’ ಪ್ರಕಟಿಸಿದರು. ವಿಧವೆಯೊಬ್ಬಳು ಮೈದುನನ ಮನೆಯಲ್ಲಿ ತನ್ನ ಪಾಲಿನ ಆಸ್ತಿ ಕೇಳುವ ಕಥೆ ಅದು. ಕೊಂಗು ನಾಡಿನ ಮಾತನ್ನು ಕಾದಂಬರಿಯ ಮೈಗೆ ತಂದದ್ದರಿಂದ ತಮಿಳಿನ ಮೊದಲ ಪ್ರಾದೇಶಿಕ ಕಾದಂಬರಿ ಎಂದು ವಿಮರ್ಶಕರು ಅದನ್ನು ಗುರುತಿಸುತ್ತಾರೆ. ತನ್ನದೇ ಸೀಮೆಯಲ್ಲಿ, ತನಗಿಂತ ಐವತ್ತು ವರ್ಷ ಹಿಂದೆ, ಇನ್ನೊಬ್ಬ ಮಾಡಿದ ಕೆಲಸವನ್ನು ಸಂಶೋಧಕನಾಗಿ ಕೂತು ಓದುವುದಕ್ಕಿಂತ ದೊಡ್ಡ ತಾಲೀಮು ಕಾದಂಬರಿಕಾರನಿಗೆ ಬೇರೆಯಿಲ್ಲ. ಆ ಲೇಖಕ ಎಲ್ಲಿ ಗೆದ್ದ, ಯಾವ ಜಾತಿಯ ಮಾತು ಅವನ ಕಿವಿಗೆ ಬಿತ್ತು, ಯಾವುದು ಬೀಳಲಿಲ್ಲ ಎಂದು ಲೆಕ್ಕ ಹಾಕಿದವನು ತನ್ನ ಸರದಿ ಬಂದಾಗ ಕುರುಡಾಗಿ ಬರೆಯಲಾರ.

2000ದ ಸುಮಾರಿಗೆ ಮುರುಗನ್ ಅವರ ಎರಡು ಪುಸ್ತಕ ಬಂದವು. ಒಂದು ‘ಕೂಳಮಾದಾರಿ’: ಗೌಂಡರ್ ಒಡೆಯನ ಮನೆಯಲ್ಲಿ ಜೀತಕ್ಕಿರುವ ಆಡು ಕಾಯುವ ದಲಿತ ಹುಡುಗನ ಕಾದಂಬರಿ. ಇನ್ನೊಂದು ಕೊಂಗು ಸೀಮೆಯ ಆಡುಮಾತಿನ ನಿಘಂಟು. ಮೊದಲನೆಯದು ಇಂಗ್ಲಿಷಿಗೆ ಹೋಗಿ ಹೆಸರು ಮಾಡಿತು. ಎರಡನೆಯದನ್ನು ತಮಿಳುನಾಡಿನ ಹೊರಗೆ ಬಲ್ಲವರು ಬೆರಳೆಣಿಕೆಯಷ್ಟು. ನನಗೆ ಎರಡೂ ಒಂದೇ ಕೆಲಸದ ಎರಡು ಮುಖಗಳಾಗಿ ಕಾಣುತ್ತವೆ. ಕ್ಲಾಸಿನಲ್ಲಿ ನಾಲಿಗೆ ಕಚ್ಚಿಕೊಂಡು ನಿಲ್ಲುವ ಹುಡುಗನ ಮಾತುಗಳಿಗೆ ನಿಘಂಟಿನಲ್ಲಿ ಒಂದು ಜಾಗ, ಅವನ ಬದುಕಿಗೆ ಕಾದಂಬರಿಯಲ್ಲಿ ಒಂದು ಜಾಗ. ತನ್ನ ಜಾತಿಯ ಯಜಮಾನಿಕೆಯನ್ನು ಜೀತದ ಹುಡುಗನ ಕಣ್ಣಿಂದ ನೋಡಿ ಬರೆಯುವುದು ಗೌಂಡರ್ ಕುಟುಂಬದಲ್ಲಿ ಹುಟ್ಟಿದವನಿಗೆ ಸಲೀಸಲ್ಲ. ಎದುರಿಗಿನ ಬೆಂಚುಗಳಲ್ಲಿ ಆ ಹುಡುಗರ ತಮ್ಮಂದಿರು, ತಂಗಿಯರು ಕೂತಿರುವುದನ್ನು ದಿನವೂ ನೋಡುವವನಿಗೆ ಅವರನ್ನು ಮರೆತು ಬರೆಯುವುದು ಇನ್ನೂ ಕಷ್ಟ.

ಅವರ ಪಾಠ ಕಾಲೇಜಿನ ಗಂಟೆಗೆ ಮುಗಿಯುತ್ತಿರಲಿಲ್ಲ. ನಾಮಕ್ಕಲ್‌ನ ಅವರ ಮನೆಯಲ್ಲಿ ‘ಕೂಡು’ ಎಂಬ ಹೆಸರಿನ ಓದಿನ ಕೂಟ ನಡೆಯುತ್ತಿತ್ತು. ವಿದ್ಯಾರ್ಥಿಗಳು, ಸಂಶೋಧಕರು ಬಂದು ಕೂತು ಓದುವುದು, ಪ್ರಬಂಧ ಮಂಡಿಸುವುದು, ವಾದ ಮಾಡುವುದು. 2013ರಲ್ಲಿ ಬಂದ ‘ಸಾದಿಯುಂ ನಾನುಂ’ ಎಂಬ ಸಂಪಾದಿತ ಪುಸ್ತಕ ಈ ಬಳಗದ ಫಲ. ಜಾತಿಯೊಂದಿಗೆ ತಾವು ಪಟ್ಟ ಪಾಡನ್ನು ತರುಣ ತರುಣಿಯರು ತಾವೇ ಬರೆದ ಲೇಖನಗಳು ಅದರಲ್ಲಿವೆ. ದಲಿತರು ಅನುಭವಿಸಿದ್ದೂ ಇದೆ, ತಾವು ಮೇಲೆ ಕೂತಿದ್ದೇವೆಂದು ಗೊತ್ತಾದ ದಿನ ನಾಚಿದವರದ್ದೂ ಇದೆ. ತಮಿಳು ಲೇಖಕಿ ಅಂಬೈ ಅದನ್ನು ಇಂಗ್ಲಿಷಿಗೆ ತಂದರು. ಅದೇ 2013ರಲ್ಲಿ ಮುರುಗನ್ ‘ಪೂಕ್ಕುಳಿ’ ಪ್ರಕಟಿಸಿದರು. ಊರಿಗೆ ಬೇರೆ ಜಾತಿಯ ಹೆಂಡತಿಯನ್ನು ಕರೆತಂದ ಹುಡುಗ, ಅವಳ ಜಾತಿ ಪತ್ತೆ ಹಚ್ಚಲು ಹೊರಟ ಊರು, ಕೊನೆಗೆ ಬೆಂಕಿ. ಧರ್ಮಪುರಿಯಲ್ಲಿ ಜಾತಿ ಮೀರಿ ಮದುವೆಯಾಗಿ ಪ್ರಾಣ ಕಳೆದುಕೊಂಡ ಇಳವರಸನ್‌ಗೆ ಆ ಕಾದಂಬರಿ ಅರ್ಪಿತ. ಮುರುಗನ್ ಅವರ ವಿದ್ಯಾರ್ಥಿಗಳ ಓರಗೆಯ ಹುಡುಗ ಈ ಇಳವರಸನ್. ಒಂದೇ ವರ್ಷ ಹೊರಬಂದ ಈ ಎರಡು ಪುಸ್ತಕಗಳಲ್ಲಿ ಮೇಷ್ಟ್ರ ಕೆಲಸ ಎಲ್ಲಿ ಮುಗಿದು ಲೇಖಕನ ಕೆಲಸ ಎಲ್ಲಿ ಶುರುವಾಯಿತು ಎಂದು ಯಾರಾದರೂ ಗೆರೆ ಎಳೆದು ತೋರಿಸಲಿ.

ನಮ್ಮಲ್ಲಿ ಇದಕ್ಕೆ ವಿರುದ್ಧವಾದ ಒಂದು ಅಭಿಪ್ರಾಯ ಬಲವಾಗಿದೆ. ಮೇಷ್ಟ್ರಾದವನ ಬರವಣಿಗೆ ಒಣಗುತ್ತದೆ, ನೋಟ್ಸಿನ ವಾಸನೆ ಬರುತ್ತದೆ, ನಿಜವಾದ ಲೇಖಕ ಕಾಲೇಜಿನ ಗೋಡೆ ದಾಟಬೇಕು ಎನ್ನುವವರಿದ್ದಾರೆ. ಲಂಕೇಶ್ ಇಂಗ್ಲಿಷ್ ಅಧ್ಯಾಪಕ ವೃತ್ತಿ ಬಿಟ್ಟು 1980ರಲ್ಲಿ ಪತ್ರಿಕೆ ಶುರು ಮಾಡಿದ್ದನ್ನು, ತೇಜಸ್ವಿ ನೌಕರಿಯ ಗೊಡವೆಯೇ ಬೇಡವೆಂದು ಮೂಡಿಗೆರೆಯ ತೋಟಕ್ಕೆ ಹೋದದ್ದನ್ನು ಅವರು ತೋರಿಸುತ್ತಾರೆ. ಆ ಇಬ್ಬರ ದೊಡ್ಡತನ ನಾನು ಒಪ್ಪುತ್ತೇನೆ, ಅದರಿಂದ ಎಳೆದ ತೀರ್ಮಾನ ಒಪ್ಪುವುದಿಲ್ಲ. ಕುವೆಂಪು ಮಹಾರಾಜ ಕಾಲೇಜಿನಲ್ಲಿ ಕನ್ನಡ ಪಾಠ ಹೇಳುತ್ತಿದ್ದ ವರ್ಷಗಳಲ್ಲೇ ‘ಕಾನೂರು ಹೆಗ್ಗಡಿತಿ’ ಬಂತು. ಮೈಸೂರಿನ ಕ್ಲಾಸಿನಲ್ಲಿ ಹಳಗನ್ನಡ ಬಿಡಿಸುತ್ತಿದ್ದ ಬಾಯಿಗೆ ಮಲೆನಾಡಿನ ಆಡುಮಾತು ಮರೆತುಹೋಗಲಿಲ್ಲ. ಅನಂತಮೂರ್ತಿ, ಶಾಂತಿನಾಥ ದೇಸಾಯಿ ಇಬ್ಬರೂ ಇಂಗ್ಲಿಷ್ ಪಾಠ ಮಾಡಿ ಕನ್ನಡದಲ್ಲಿ ಬರೆದರು. ಅವರಿಗೆ ಎರಡು ಕೋಣೆಗಳಿದ್ದವು, ಒಂದರ ಗಲಾಟೆ ಇನ್ನೊಂದಕ್ಕೆ ಪೂರಾ ಕೇಳುತ್ತಿರಲಿಲ್ಲ. ಬರೆಯುವ ಭಾಷೆಯನ್ನೇ, ಅದೇ ಸೀಮೆಯ ಮಕ್ಕಳಿಗೆ, ಅದೇ ಊರಿನಲ್ಲಿ ಪಾಠ ಹೇಳುವವನಿಗೆ ಇರುವುದು ಒಂದೇ ಕೋಣೆ. ಅವನ ಓದುಗರು ಅವನ ವಿದ್ಯಾರ್ಥಿಗಳ ಅಪ್ಪಂದಿರು. ಹೀಗಾಗಿ ಅವನ ಬರವಣಿಗೆಗೆ ಸಿಗುವ ಕಸುವು ಹೆಚ್ಚು, ಅವನು ಎದುರಿಸಬೇಕಾದ ಅಪಾಯವೂ ಹೆಚ್ಚು.

ಆ ಅಪಾಯ ‘ಮಾದೊರುಬಾಗನ್’ ಮೂಲಕ ಬಂತು. 2010ರಲ್ಲಿ ಕಾಲಚ್ಚುವಡು ಪ್ರಕಟಿಸಿದ ಈ ಕಾದಂಬರಿಗೆ ಬೇಕಾದ ಸಂಶೋಧನೆಯನ್ನು ಮುರುಗನ್ ಅನುದಾನ ಪಡೆದು, ತಿರುಚೆಂಗೋಡಿನ ಚರಿತ್ರೆ ಕೆದಕಿ ಮಾಡಿದ್ದರು. ಕಾಳಿ ಮತ್ತು ಪೊನ್ನಾ ಒಬ್ಬರನ್ನೊಬ್ಬರು ಬಿಟ್ಟಿರಲಾರದ ದಂಪತಿ. ಮದುವೆಯಾಗಿ ವರ್ಷಗಳಾದರೂ ಮಕ್ಕಳಿಲ್ಲ. ಹರಕೆ, ಪೂಜೆ, ನೆಂಟರ ಕುಹಕ, ಶುಭಕಾರ್ಯಗಳಲ್ಲಿ ಅವಳನ್ನು ಪಕ್ಕಕ್ಕೆ ಸರಿಸುವ ಕೈಗಳು, ಆಸ್ತಿಯ ಮೇಲೆ ಕಣ್ಣಿಟ್ಟವರ ಲೆಕ್ಕಾಚಾರ. ಅರ್ಧನಾರೀಶ್ವರನ ತೇರಿನ ಜಾತ್ರೆಯ ಕೊನೆಯ ರಾತ್ರಿ ಒಪ್ಪಿದ ಗಂಡು ಹೆಣ್ಣು ಕೂಡಬಹುದು, ಆ ರಾತ್ರಿಯ ಗಂಡಸರೆಲ್ಲ ದೇವರ ಸಮಾನ, ಹುಟ್ಟಿದ ಮಗು ದೇವರ ಪ್ರಸಾದ ಎಂಬ ಹಿಂದಿನ ಕಾಲದ ಪದ್ಧತಿಯೊಂದು ಕಾದಂಬರಿಯ ನಡುವೆ ನಿಂತಿದೆ. ನಾಲ್ಕು ವರ್ಷ ಯಾರಿಗೂ ತಕರಾರಿರಲಿಲ್ಲ. ಇಂಗ್ಲಿಷ್ ಅನುವಾದ ಬಂದ ಮೇಲೆ, 2014ರ ಡಿಸೆಂಬರಿನಲ್ಲಿ, ಪ್ರತಿಗಳನ್ನು ಸುಟ್ಟರು. ಮುಂದಿನ ತಿಂಗಳು ತಿರುಚೆಂಗೋಡು ಬಂದ್ ಆಯಿತು.

ವಿರೋಧಿಸಿದವರ ಮಾತಿನಲ್ಲಿ ಕೇಳಬೇಕಾದ್ದು ಏನೂ ಇರಲಿಲ್ಲ ಎಂದು ನಾನು ಹೇಳುವುದಿಲ್ಲ. ಊರಿನ ಹೆಸರು, ದೇವಸ್ಥಾನದ ಹೆಸರು, ಜಾತಿಯ ಹೆಸರು ಇಟ್ಟು ಬರೆದಾಗ ಆ ಊರಿನ ಹೆಣ್ಣುಮಗಳೊಬ್ಬಳಿಗೆ ತನ್ನ ಅಜ್ಜಿಯ ಮೇಲೆ ಯಾರೋ ಕೈ ತೋರಿಸಿದ ಹಾಗೆ ಅನ್ನಿಸಬಹುದು. ಆ ನೋವು ಸುಳ್ಳಲ್ಲ. ಮುರುಗನ್ ಕೂಡ ಮುಂದಿನ ಮುದ್ರಣದಲ್ಲಿ ಊರಿನ ಗುರುತು ತೆಗೆಯುತ್ತೇನೆಂದರು. ಆದರೆ ಪುಸ್ತಕವನ್ನು ಕೊನೆಯವರೆಗೆ ಓದಿದವರಿಗೆ ಅದು ಪೊನ್ನಾಳನ್ನು ಜರೆಯುವ ಕಥೆಯಲ್ಲ ಎಂಬುದು ಕಾಣದೆ ಹೋಗದು. ಮಗು ಹೆರದ ಹೆಣ್ಣನ್ನು ದಿನವೂ ಸುಡುವ ಊರಿನ ಬಾಯಿಯ ಕಥೆ ಅದು. ಆ ಬಾಯಿಯೇ ಬೀದಿಗೆ ಬಂತು. ಅಲ್ಲದೆ, ನೋವಾದವರಿಗೆ ಬರೆದು ಉತ್ತರಿಸುವ, ಸಭೆಯಲ್ಲಿ ವಾದಿಸುವ, ಕೋರ್ಟಿಗೆ ಹೋಗುವ ದಾರಿಗಳೆಲ್ಲ ತೆರೆದಿದ್ದವು. ಜಿಲ್ಲಾಡಳಿತ ಅವರಿಗೆ ಆ ದಾರಿ ತೋರಿಸಲಿಲ್ಲ. ಒಬ್ಬ ಮನುಷ್ಯನನ್ನು ಕೋಣೆಯಲ್ಲಿ ಕೂರಿಸಿ, ಹೊರಗೆ ಸಿಟ್ಟಾದ ಊರನ್ನು ನಿಲ್ಲಿಸಿ, ಸಹಿ ಪಡೆದು, ಇದನ್ನು ಶಾಂತಿ ಎಂದು ಕರೆಯಿತು.

ಈ ಕಥೆಯನ್ನು ತಮಿಳುನಾಡಿನ ಕಥೆಯೆಂದು ಓದಿ ನಾವು ನಿಟ್ಟುಸಿರು ಬಿಡುವಂತಿಲ್ಲ. ನಮ್ಮಲ್ಲಿ ಇದು ಮೊದಲೇ ಆಗಿತ್ತು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಕನ್ನಡ ಕಲಿಸುತ್ತಿದ್ದ ಎಂ.ಎಂ. ಕಲಬುರ್ಗಿ ಅವರು ‘ಮಾರ್ಗ’ ಸಂಪುಟದ ಸಂಶೋಧನ ಲೇಖನಗಳಲ್ಲಿ ಚೆನ್ನಬಸವಣ್ಣನ ಜನ್ಮದ ಬಗ್ಗೆ ಬರೆದದ್ದನ್ನು 1989ರಲ್ಲಿ ಒತ್ತಡಕ್ಕೆ ಮಣಿದು ಹಿಂತೆಗೆದುಕೊಂಡರು; ಕುಟುಂಬದ ಜೀವ ಉಳಿಸಲು ಹಾಗೆ ಮಾಡಿದೆ, ಆದರೆ ಅದೇ ದಿನ ಬೌದ್ಧಿಕವಾಗಿ ಆತ್ಮಹತ್ಯೆ ಮಾಡಿಕೊಂಡೆ ಎಂಬ ಅರ್ಥದಲ್ಲಿ ಅವರು ಹೇಳಿದ್ದರು. ಲೇಖಕನ ಸಾವನ್ನು ಲೇಖಕನೇ ಸಾರುವ ಮಾತು ಕನ್ನಡದಲ್ಲಿ ಕಾಲು ಶತಮಾನದ ಹಿಂದೆಯೇ ಕೇಳಿತ್ತು. ಮುರುಗನ್ ಆ ಸಾಲುಗಳನ್ನು ಬರೆದ ವರ್ಷವೇ, 2015ರ ಆಗಸ್ಟ್ 30ರಂದು, ಕಲಬುರ್ಗಿಯವರನ್ನು ಅವರ ಮನೆಬಾಗಿಲಲ್ಲಿ ಗುಂಡಿಟ್ಟು ಕೊಂದರು.

ಇನ್ನೊಬ್ಬರು ಪಿ.ವಿ. ನಾರಾಯಣ. ಬೆಂಗಳೂರಿನಲ್ಲಿ ಕನ್ನಡ ಅಧ್ಯಾಪಕರು, ವಚನ ಸಾಹಿತ್ಯದ ಮೇಲೆ ಆಳವಾದ ಸಂಶೋಧನೆ ಮಾಡಿದವರು. ಆ ಓದಿನಿಂದಲೇ 1995ರಲ್ಲಿ ಅವರ ಕಾದಂಬರಿ ‘ಧರ್ಮಕಾರಣ’ ಬಂತು. ಅದಕ್ಕೆ ಕರ್ನಾಟಕ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದ ಮೇಲೆ ಗದ್ದಲ ಎದ್ದಿತು. ಬಸವಣ್ಣನ ಅಕ್ಕ ನಾಗಲಾಂಬಿಕೆ, ಅವಳ ಮಗ ಚೆನ್ನಬಸವಣ್ಣ ಇವರ ಕುರಿತ ಅಧ್ಯಾಯವೊಂದು ಸಿಟ್ಟಿಗೆ ಕಾರಣ. 1997ರಲ್ಲಿ ಕರ್ನಾಟಕ ಸರ್ಕಾರ ಪುಸ್ತಕವನ್ನು ಮುಟ್ಟುಗೋಲು ಹಾಕಿಕೊಂಡಿತು. ಅದರ ವಿರುದ್ಧ ಕೋರ್ಟು ಹತ್ತಿದವರಲ್ಲಿ ಮುಂದೆ ನಿಂತವರು ಬರಗೂರು ರಾಮಚಂದ್ರಪ್ಪ, ಸ್ವತಃ ಕಾದಂಬರಿಕಾರ, ಸ್ವತಃ ಕನ್ನಡ ಮೇಷ್ಟ್ರು. ಹೈಕೋರ್ಟಿನಲ್ಲಿ ಸೋತರು. 2007ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟೂ ನಿಷೇಧವನ್ನೇ ಎತ್ತಿಹಿಡಿಯಿತು.

ಮುರುಗನ್, ಕಲಬುರ್ಗಿ, ನಾರಾಯಣ ಈ ಮೂವರ ಪ್ರಕರಣಗಳನ್ನು ಒಟ್ಟಿಗಿಟ್ಟು ನೋಡಿದಾಗ ನನ್ನನ್ನು ಬಿಡದೆ ಕಾಡುವ ಸಂಗತಿ ಒಂದಿದೆ. ಮೂರರಲ್ಲೂ ಸಿಟ್ಟು ಕೆರಳಿದ್ದು ಒಂದೇ ಕಡೆ: ಒಬ್ಬ ಹೆಣ್ಣು ಬಸಿರಾದದ್ದು ಹೇಗೆ, ಮಗುವಿನ ತಂದೆ ಯಾರು ಎಂಬಲ್ಲಿ. ನಾಗಲಾಂಬಿಕೆ ಹನ್ನೆರಡನೆಯ ಶತಮಾನದವಳು, ಪೊನ್ನಾ ಕಲ್ಪನೆಯವಳು. ರಾಜಕಾರಣಿಯ ಲಂಚ ಬರೆದಿದ್ದರೆ, ಭೂಮಾಲೀಕನ ಕ್ರೌರ್ಯ ಬರೆದಿದ್ದರೆ ಇಷ್ಟು ಆಗುತ್ತಿರಲಿಲ್ಲ. ‘ಕೂಳಮಾದಾರಿ’ಯಲ್ಲಿ ಮುರುಗನ್ ಜೀತದ ಬಗ್ಗೆ ಬರೆದಾಗ ಊರು ಬಂದ್ ಆಗಲಿಲ್ಲ. ಜಾತಿಯ ಸಮಾಜ ತನ್ನ ಬೇರನ್ನು ಕಾಯುವುದು ಹೆಣ್ಣಿನ ಗರ್ಭದಲ್ಲಿ. ಅಲ್ಲಿ ಬೆಳಕು ಬಿಟ್ಟವನು ವಿದ್ವಾಂಸನಾಗಲಿ ಕಾದಂಬರಿಕಾರನಾಗಲಿ ಅವನನ್ನು ಅದು ಸಹಿಸದು. ಮೂವರೂ ಸಾಹಿತ್ಯ ಕಲಿಸುತ್ತಿದ್ದವರು ಎಂಬುದೂ ಕಾಕತಾಳೀಯವಲ್ಲ. ಹಳೆಯ ಪಠ್ಯ, ಶಾಸನ, ಊರಿನ ಐತಿಹ್ಯ ಇವನ್ನು ಕಸುಬಾಗಿ ಓದುವವನಿಗೆ ತಾನೆ ವಂಶಾವಳಿಯ ಬಿರುಕುಗಳು ಕಣ್ಣಿಗೆ ಬೀಳುವುದು. ಪಾಠ ಮಾಡು, ಬರೆಯಬೇಡ ಎನ್ನುವವರು ಕೇಳುತ್ತಿರುವುದು ಅಸಲಿಗೆ ಓದಬೇಡ ಎಂದು.

ಮುರುಗನ್‌ಗೆ ನಾರಾಯಣರಿಗಿಂತ ಬೇರೆಯದೇ ತೀರ್ಪು ಸಿಕ್ಕಿತು. 2016ರ ಜುಲೈ 5ರಂದು ಮದ್ರಾಸ್ ಹೈಕೋರ್ಟಿನಲ್ಲಿ ಮುಖ್ಯ ನ್ಯಾಯಮೂರ್ತಿ ಸಂಜಯ್ ಕಿಶನ್ ಕೌಲ್ ಅವರಿದ್ದ ಪೀಠ ‘ಮಾದೊರುಬಾಗನ್’ ವಿರುದ್ಧದ ಬೇಡಿಕೆಗಳನ್ನು ತಳ್ಳಿಹಾಕಿತು. ಶಾಂತಿ ಸಭೆಯ ಒಪ್ಪಂದಕ್ಕೆ ಲೇಖಕ ಬದ್ಧನಾಗಬೇಕಿಲ್ಲ, ಪುಸ್ತಕ ಹಿಡಿಸದವರು ಓದದೆ ಬಿಡಬಹುದು, ಲೇಖಕ ಮರಳಿ ಬರೆಯಲಿ ಎಂಬುದು ಅದರ ಸಾರ. ಇಪ್ಪತ್ತು ವರ್ಷಗಳೊಳಗೆ ಪಕ್ಕಪಕ್ಕದ ಎರಡು ರಾಜ್ಯಗಳ ಇಬ್ಬರು ಮೇಷ್ಟ್ರ ಕಾದಂಬರಿಗಳಿಗೆ ಹೀಗೆ ಎರಡು ಹಣೆಬರಹ. ಕಾನೂನು ಒಂದೇ, ಸಂವಿಧಾನ ಒಂದೇ. ಕನ್ನಡದ ಪುಸ್ತಕವೇ ಸೋತದ್ದು ಎಂಬ ಸಂಗತಿಯನ್ನು ನಮ್ಮ ಸಾಹಿತ್ಯ ಚರ್ಚೆಗಳು ಬೇಗ ಮರೆತವು. ಅದು ನನಗೆ ಇವತ್ತಿಗೂ ನೋವಿನ ವಿಷಯ.

ತೀರ್ಪಿನ ನಂತರ ಮುರುಗನ್ ಕವಿತೆಗಳೊಂದಿಗೆ ಮರಳಿದರು, ಆಮೇಲೆ ‘ಪೂನಾಚ್ಚಿ’ ಎಂಬ ಕರಿ ಮೇಕೆಯ ಕಥೆ. ಮನುಷ್ಯರ ಬಗ್ಗೆ, ಜಾತಿಯ ಬಗ್ಗೆ ಬರೆಯಲು ಅಂಜಿದವನು ಮೇಕೆಯ ಬಗ್ಗೆ ಬರೆದ, ಕಥೆಯಲ್ಲಿ ಆ ಮೇಕೆಯ ಕಿವಿಗೂ ಸರ್ಕಾರ ಓಲೆ ಚುಚ್ಚಿತು. ತನ್ನ ವಿದ್ಯಾರ್ಥಿಗಳ ಬಗ್ಗೆಯೂ ಅವರು ಪುಸ್ತಕ ಬರೆದರು. 2023ರಲ್ಲಿ ‘ಪೂಕ್ಕುಳಿ’ಯ ಇಂಗ್ಲಿಷ್ ಅನುವಾದ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿಯ ಮೊದಲ ಪಟ್ಟಿಗೆ ಬಂತು, ಅದೇ ವರ್ಷ ‘ಆಳಂಡಾಪಟ್ಚಿ’ಯ ಅನುವಾದಕ್ಕೆ ಜೆಸಿಬಿ ಪ್ರಶಸ್ತಿ. ಇವೆಲ್ಲ ಪತ್ರಿಕೆಗಳಲ್ಲಿ ಬಂದವು. ನಡುವಿನ ಕಾಲದ ಬಗ್ಗೆ ಒಂದೇ ಮಾತು: ಊರಲ್ಲಿ ಇರಲಾಗದೆ ಅವರೂ, ತಮಿಳು ಅಧ್ಯಾಪಕಿಯೇ ಆದ ಅವರ ಪತ್ನಿಯೂ ಚೆನ್ನೈಗೆ ವರ್ಗ ಕೇಳಬೇಕಾಯಿತು. ಯಾವ ಮಕ್ಕಳ ಮಾತಿಗಾಗಿ ನಿಘಂಟು ಬರೆದರೋ ಆ ಮಕ್ಕಳು ಕೊಂಗು ನಾಡಿನಲ್ಲೇ ಉಳಿದರು, ಮೇಷ್ಟ್ರು ಸಮುದ್ರದ ದಂಡೆಗೆ ಹೋದರು. ಶಾಂತಿ ಸಭೆ ಲೇಖಕನನ್ನಷ್ಟೇ ಅಲ್ಲ, ಮೇಷ್ಟ್ರನ್ನೂ ಊರಿನಿಂದ ಕಿತ್ತಿತ್ತು. ಮುಂದೆ ಅವರು ನಾಮಕ್ಕಲ್ ಕಡೆಗೆ ಮರಳಿ, ಆತ್ತೂರಿನ ಸರ್ಕಾರಿ ಕಲಾ ಕಾಲೇಜಿನ ಪ್ರಾಂಶುಪಾಲರಾದರು.

ಹಾಗೆ ಮರಳಲು ಸಾಧ್ಯವಾದದ್ದಕ್ಕೆ ಒಂದು ಕಾರಣವನ್ನು ನಾವು ಹೇಳುವುದೇ ಇಲ್ಲ. ಅವರದ್ದು ಕಾಯಂ ಹುದ್ದೆ. ವರ್ಗ ಕೇಳಬಹುದಿತ್ತು, ರಜೆ ಹಾಕಬಹುದಿತ್ತು, ಕೋರ್ಟಿನ ತೀರ್ಪಿಗೆ ಕಾಯುತ್ತ ತಿಂಗಳ ಸಂಬಳದಲ್ಲಿ ಮನೆ ನಡೆಸಬಹುದಿತ್ತು. ಇವತ್ತು ನಮ್ಮ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಸಾಹಿತ್ಯ ಕಲಿಸುವವರಲ್ಲಿ ದೊಡ್ಡ ಪಾಲು ಅತಿಥಿ ಉಪನ್ಯಾಸಕರದ್ದು. ಅವರಿಗೆ ವರ್ಗವಿಲ್ಲ, ಅಮಾನತೂ ಇಲ್ಲ. ಮುಂದಿನ ವರ್ಷ ಕರೆಯದಿದ್ದರೆ ಆಯಿತು. ಅದಕ್ಕೆ ಶಾಂತಿ ಸಭೆ ಬೇಡ, ಪುಸ್ತಕ ಸುಡುವುದೂ ಬೇಡ, ಕೋರ್ಟಿಗೆ ಹೋಗಲು ಆದೇಶದ ಪ್ರತಿಯೂ ಇರುವುದಿಲ್ಲ. ಕೊಳ್ಳೇಗಾಲದಲ್ಲೋ ಸಿಂಧನೂರಿನಲ್ಲೋ ತನ್ನ ಕ್ಲಾಸಿನ ಮಕ್ಕಳ ಮಾತನ್ನು ಕೇಳಿಸಿಕೊಂಡು, ತನ್ನ ಊರಿನ ಹೆಣ್ಣೊಬ್ಬಳ ಕಥೆಯನ್ನು ಬರೆಯಲು ಕೂತ ಅತಿಥಿ ಉಪನ್ಯಾಸಕಿಯೊಬ್ಬಳು ಊರಿನ ಹೆಸರನ್ನು ಬರೆದು, ಹೊಡೆದು ಹಾಕಿದರೆ ಅದು ಯಾವ ಸುದ್ದಿಯಲ್ಲೂ ಬರುವುದಿಲ್ಲ. ಕಾದಂಬರಿಕಾರರ ಸ್ವಾತಂತ್ರ್ಯದ ಬಗ್ಗೆ ಮಾತಾಡುವ ನಮ್ಮ ಅಕಾಡೆಮಿಗಳು, ಪರಿಷತ್ತುಗಳು, ಲೇಖಕರ ಸಂಘಗಳು ಈ ಹುದ್ದೆಗಳ ನೇಮಕಾತಿಯ ಪ್ರಶ್ನೆಯನ್ನು ಕಾಲೇಜು ಶಿಕ್ಷಣ ಇಲಾಖೆಯ ತಲೆನೋವೆಂದು ಬಿಟ್ಟಿವೆ. ಅದು ಸಾಹಿತ್ಯದ ಪ್ರಶ್ನೆಯೇ, ಅವರು ಕೇಳಬೇಕಾದ ಪ್ರಶ್ನೆಯೇ.